ಹಬೆ ತೆಗೆದುಕೊಳ್ಳುತ್ತಿದ್ದ ರತ್ನ ಮೇಡಂ

ಬೆಳಿಗ್ಗೆ ನಮ್ಮ ಶೆಡ್ಡಿಗೆ ಬಂದ ಹೊಸಬರಿಗೆ ಮೊದಲು ಕಾಣುತ್ತಿದ್ದುದು ರೇಷ್ಮೆಯಲ್ಲ, ತಲೆಯ ಮೇಲೆ ಟವೆಲ್ ಹೊದ್ದು ಕುದಿಯುವ ಬೇಸಿನ್ನಿನ ಮೇಲೆ ಬಗ್ಗಿ ಕೂತ ಒಬ್ಬ ಹೆಂಗಸು. ಟವೆಲ್ಲಿನ ಒಳಗಿಂದ ಸಣ್ಣಗೆ ಒಂದು ಸ್ವರ ಹೊರಡುತ್ತಿತ್ತು. ಬಾಯಿ ಮುಚ್ಚಿಕೊಂಡು ಹಿಡಿದ ಷಡ್ಜ ಅದು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ಮದನಪಲ್ಲಿ ಕಡೆಯ ವ್ಯಾಪಾರಿಯೊಬ್ಬರು ನೂಲಿನ ಮಾತಿಗೆ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಏಂ ಸಾಬ್, ಆಯಮ್ಮಂಗೆ ಮೈಮೇಲೆ ಏನಾದ್ರೂ ಬಂದೈತಾ?" ಎಂದು ನಮ್ಮ ಅಬ್ಬನನ್ನು ಮೆಲ್ಲಗೆ ಕೇಳಿದರು. ಅಬ್ಬ ಮುಖ ಗಂಭೀರ ಮಾಡಿಕೊಂಡು, "ಇಲ್ಲಣ್ಣ, ಅವರು ಡಾಕ್ಟರ್ ಆಗ್ತಾವ್ರೆ" ಎಂದರು.

ಶಿಡ್ಲಘಟ್ಟದಲ್ಲಿ ನಮ್ಮದು ಅಜ್ಜನ ಕಾಲದಿಂದಲೂ ರೇಷ್ಮೆ ಕೆಲಸ. ಕೆಳಗೆ ಶೆಡ್ಡು, ಹಿಂದೆ ಮನೆ, ಶೆಡ್ಡಿನ ಮೇಲೆ ಒಂದು ಕೋಣೆ. ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ, ಎಳೆ ಸಡಿಲವಾದ ಮೇಲೆ ಬಿಚ್ಚಿ ಸುತ್ತುವುದು ನಮ್ಮ ಕೆಲಸ. ಗೂಡಿನೊಳಗಿನ ಹುಳು ಆ ನೀರಿನಲ್ಲೇ ಬೇಯುತ್ತದೆ. ಆ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮಗೆ ಅದು ಇದ್ದರೆ ಮನೆಯಲ್ಲಿ ಅಂದಿನ ಒಲೆ ಉರಿಯುತ್ತದೆ ಎಂದು ಅರ್ಥ.

ರತ್ನ ಮೇಡಂ ಮೇಲಿನ ಕೋಣೆಗೆ ಬಂದದ್ದು ಬೇರೆಲ್ಲೂ ಮನೆ ಸಿಗದೆ. ಚಿಂತಾಮಣಿಯ ಖಾಸಗಿ ಶಾಲೆಯೊಂದರಲ್ಲಿ ಅವರು ಸಂಗೀತದ ಟೀಚರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಒಂಟಿ ಹೆಂಗಸು, ಅದರ ಮೇಲೆ ಬೆಳಗಾಗುವ ಮೊದಲೇ ಹಾಡುವವಳು ಎಂದು ತಿಳಿದ ಕೂಡಲೇ ಚಿಂತಾಮಣಿಯ ಮನೆ ಮಾಲೀಕರು ಒಬ್ಬೊಬ್ಬರಾಗಿ ನೆಂಟರು ಬರುತ್ತಾರೆ, ಸುಣ್ಣ ಹೊಡೆಸಬೇಕು ಎಂದು ನೆಪ ಹೇಳಿದ್ದರು. ಇಲ್ಲಿ ಅವರೇ ಮೊದಲು ಬಾಯಿ ಬಿಟ್ಟರು. "ಸಾಬ್ರೇ, ನಾನು ಬೆಳಿಗ್ಗೆ ಹೊತ್ತು ಹಾಡ್ತೀನಿ. ತೊಂದ್ರೆ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ, ಸಾಮಾನು ಇಳಿಸೋದಿಲ್ಲ."

"ಈ ಮೋಟರ್ ಸದ್ದಲ್ಲಿ ನೀವು ಕಳ್ಳ ಕಳ್ಳ ಅಂತ ಕೂಗಿದ್ರೂ ಯಾರ್ಗೂ ಕೇಳ್ಸಲ್ಲ ಮೇಡಂ. ಹಾಡ್ಕೊಳ್ಳಿ" ಎಂದರು ಅಬ್ಬ.

ನಾನಾಗ ಬಿ.ಎ. ಓದುತ್ತಿದ್ದೆ. ಹುಟ್ಟಾ ಅವಸರದವಳು. ಮೇಡಂ ಅದಕ್ಕೆ ಪೂರಾ ಉಲ್ಟಾ. ನಿಧಾನವಾಗಿ ನಡೆಯುವರು, ನಿಧಾನವಾಗಿ ಉಣ್ಣುವರು, ಸೀರೆಯ ನೆರಿಗೆ ಹಿಡಿಯುವುದನ್ನು ನೋಡುತ್ತ ನಿಂತರೆ ನಮಗೇ ಹಸಿವಾಗುವುದು. ಕಡು ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್. ತಣ್ಣೀರು ಮುಟ್ಟುತ್ತಿರಲಿಲ್ಲ. ಒಂದು ದಿನ ಇಬ್ಬರೂ ಬಸ್‌ಸ್ಟ್ಯಾಂಡಿಗೆ ಹೊರಟಾಗ ಚಿಂತಾಮಣಿ ಬಸ್ಸು ಹೊರಡುತ್ತಿತ್ತು. ನಾನು ಓಡಿದೆ, ಹತ್ತಿದೆ, ಹಿಂದೆ ನೋಡಿದರೆ ಮೇಡಂ ಅದೇ ನಡಿಗೆಯಲ್ಲಿ ಬರುತ್ತಿದ್ದಾರೆ. ಕಂಡಕ್ಟರು ಬೈಯುತ್ತ ಸೀಟಿ ಊದಿದ. ನಾನು ಬೈದುಕೊಂಡು ಇಳಿದೆ. ಅವರು ಬಂದು, "ಅವಸರ ಮಾಡ್ಬೇಡ ಕಣಮ್ಮ. ಬಸ್ಸೂ ಅಷ್ಟೇ, ಸ್ವರಾನೂ ಅಷ್ಟೇ. ಎಲ್ಲೂ ಓಡಿಹೋಗಲ್ಲ" ಎಂದರು. ಬಸ್ಸು ಆಗಲೇ ಓಡಿಹೋಗಿತ್ತು.

ಅವರ ಹಾಡೂ ಹಾಗೇ ಇತ್ತು. ವಿಳಂಬ ಕಾಲ, ಅಂದರೆ ತೀರಾ ನಿಧಾನದ ಹಾಡಿಕೆ. ಒಂದು ಮಾತನ್ನು ಎತ್ತಿಕೊಂಡರೆ ಅದನ್ನು ಇಳಿಸುವಷ್ಟರಲ್ಲಿ ನಮ್ಮಮ್ಮನ ಅರ್ಧ ಅಡುಗೆ ಮುಗಿಯುತ್ತಿತ್ತು. ಈ ನಿಧಾನದ ಹಾಡಿಕೆ ಮರೆಯಾಗುತ್ತಿದೆ, ಎಲ್ಲರೂ ಕೈಚಪ್ಪಾಳೆಗಾಗಿ ಓಡುತ್ತಿದ್ದಾರೆ ಎಂಬುದು ಅವರ ಸಂಕಟ. ಪಿಎಚ್.ಡಿ.ಗೆ ಹಿಡಿದದ್ದೂ ಅದೇ ವಿಷಯ. ಅದು ಬರೀ ಬರೆದು ಮುಗಿಸುವ ಪಿಎಚ್.ಡಿ. ಅಲ್ಲ, ಗಾಯನದ್ದು. ಪ್ರಬಂಧದ ಜೊತೆಗೆ ಮೂರು ಕಛೇರಿ ಕೊಡಬೇಕು, ಕೊನೆಯದು ಪರೀಕ್ಷಕರ ಎದುರು. ನಮ್ಮ ದಾದಿಗೆ, ಅಂದರೆ ಅಬ್ಬನ ತಾಯಿಗೆ, ಇದನ್ನು ತಿಳಿಸಿ ಹೇಳಲು ಹೋಗಿ ನಾನು ಸೋತೆ. "ಡಾಕ್ಟರ್ ಅಂತೀರ, ಸೂಜಿ ಚುಚ್ಚೋಕೆ ಬರಲ್ಲ ಅಂತೀರ. ಇದ್ಯಾವ ಸೀಮೆ ಡಾಕ್ಟರು?" ಎಂದು ದಾದಿ ಮಂಡಿ ನೀವಿಕೊಂಡರು. ಮೇಡಂ ನಕ್ಕು ಮೇಲಿನಿಂದ ನೋವಿನೆಣ್ಣೆ ತಂದು ತಾವೇ ತಿಕ್ಕಿದರು.

ಈ ಹಠ ಯಾಕೆ ಎಂದು ಒಮ್ಮೆ ಕೇಳಿದ್ದೆ. ಅವರ ಊರು ಪೆರೇಸಂದ್ರದ ಹತ್ತಿರ, ದ್ರಾಕ್ಷಿ ತೋಟದ ಸ್ಥಿತಿವಂತರ ಮನೆ. ಚಿಕ್ಕವರಿದ್ದಾಗ ಅಜ್ಜಿಯ ಸೆರಗು ಹಿಡಿದುಕೊಂಡು ಕೈವಾರಕ್ಕೆ ಹೋಗಿ ಭಜನೆಯವರ ನಡುವೆ ಕೂತು ಕೂತು ಹಾಡು ಹತ್ತಿತ್ತು. ಒಂದು ದಿನ ಜನರ ಮುಂದೆ ಎದ್ದು ಹಾಡಿಬಿಟ್ಟರಂತೆ. ಮನೆಗೆ ಬಂದ ಮೇಲೆ ಅಪ್ಪ ಹೊಡೆಯಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು, "ಓದಮ್ಮ, ಎಷ್ಟು ಬೇಕಾದ್ರೂ ಓದು, ಹೊಲ ಮಾರಿಯಾದ್ರೂ ಓದಿಸ್ತೀನಿ. ನಾಕು ಜನದ ಮುಂದೆ ಹಾಡಿ ಮನೆ ಮರ್ಯಾದೆ ಮಾತ್ರ ಕಳೀಬೇಡ" ಎಂದರಂತೆ.

"ಅದಕ್ಕೇ ಕಣಮ್ಮ. ಓದು ಅಂದ್ರು, ಓದ್ತಾ ಇದೀನಿ. ಹಾಡ್ತಾ ಓದ್ತಾ ಇದೀನಿ. ಹಾಡಿದ್ದಕ್ಕೇ ಡಾಕ್ಟರ್ ಅಂತ ಬರ್ಬೇಕು ನನ್ನ ಹೆಸರಿನ ಮುಂದೆ." ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೇಡಂ ಆ ಅಪ್ಪನಿಗೆ ಇನ್ನೂ ಉತ್ತರ ಕೊಡುತ್ತಲೇ ಇದ್ದರು.

ಹಬೆಯ ವಿಷಯ ಹೇಳಬೇಕು. ಬಂದ ಮೊದಲ ಚಳಿಗಾಲದಲ್ಲಿ ಅವರಿಗೆ ನೆಗಡಿಯಾಗಿ ಗಂಟಲು ಕಟ್ಟಿತು. ನಮ್ಮಲ್ಲಿ ನೂಲು ಬಿಚ್ಚುತ್ತಿದ್ದ ಖೈರುನ್ ಆಪಾ ಅವರನ್ನು ಕೈ ಹಿಡಿದು ಕೆಳಗೆ ಕರೆತಂದರು. "ಬಾ ಮೇಡಂ, ಗೂಡಿನ ಹಬೆ ತಗೋ. ನಮ್ಮ ಮಕ್ಕಳಿಗೆಲ್ಲ ಇದೇ ಔಷಧಿ." ಅದು ನಿಜ. ನಮ್ಮ ಬೀದಿಯಲ್ಲಿ ಮಗುವಿಗೆ ಮೂಗು ಕಟ್ಟಿದರೆ ತಾಯಂದಿರು ಎತ್ತಿಕೊಂಡು ಯಾವುದಾದರೂ ಶೆಡ್ಡಿಗೆ ಹೋಗಿ ಬೇಸಿನ್ನಿನ ಹತ್ತಿರ ನಿಲ್ಲುತ್ತಿದ್ದರು. ನಾನೂ ಹಾಗೇ ಬೆಳೆದವಳು. ರೇಷ್ಮೆ ಹುಳು ಹಿಪ್ಪುನೇರಳೆ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ, ಅದಕ್ಕಿಂತ ಶುದ್ಧವಾದ ಜೀವ ಉಂಟೇ, ಅದರ ಹಬೆ ಸಾದಾ ನೀರಿನ ಹಬೆಗಿಂತ ಮೇಲು ಎಂದು ನಮ್ಮವರೆಲ್ಲ ನಂಬಿದ್ದರು. ಮೇಡಂ ಹೀರಿಕೊಂಡರು. ಎರಡು ದಿನಕ್ಕೆ ಗಂಟಲು ಬಿಟ್ಟಿತು.

ಅಂದಿನಿಂದ ಅದು ನಿತ್ಯದ ಕೆಲಸವಾಯಿತು. "ಬೆಂಗಳೂರಲ್ಲಿ ಹಾಡೋರು ಹಬೆ ಮಿಷಿನ್ ಇಟ್ಕೊಂಡಿರ್ತಾರೆ. ನನಗೆ ದೇವರು ಮನೆ ಕೆಳಗೇ ಹಚ್ಚಿಟ್ಟವ್ನೆ" ಎನ್ನುತ್ತಿದ್ದರು. ಅಬ್ಬನಿಗೆ ಇದು ಬಹಳ ಹೆಮ್ಮೆ. ಬಡಗಿಯಿಂದ ಒಂದು ಸ್ಟೂಲ್ ಮಾಡಿಸಿ ಮೊದಲ ಬೇಸಿನ್ನಿನ ಪಕ್ಕ ಹಾಕಿಸಿದರು. ಹೊಸ ಗೂಡು ಬಿದ್ದು ಹಬೆ ಗಟ್ಟಿಯಾಗಿ ಏಳುವ ಹೊತ್ತಿಗೆ ನನ್ನನ್ನು ಮೇಲೆ ಕಳಿಸಿ ಅವರನ್ನು ಕರೆಸುತ್ತಿದ್ದರು. ಸುತ್ತಲಿನ ಹೆಂಗಸರು ಕೆಮ್ಮುತ್ತಲೇ ಇರುತ್ತಿದ್ದರು. ಆ ಕೆಮ್ಮು ನಮಗೆ ಮೋಟರಿನ ಸದ್ದಿನ ಹಾಗೆ, ಇದೆಯೆಂದು ಗಮನಕ್ಕೇ ಬರುತ್ತಿರಲಿಲ್ಲ. ಸೌದೆ ಹೊಗೆಗೆ ಕೆಮ್ಮು, ವಯಸ್ಸಿಗೆ ಕೆಮ್ಮು ಎಂದು ಏನೋ ಒಂದು ಹೇಳಿಕೊಂಡು ಸುಮ್ಮನಿದ್ದೆವು.

ಮೊದಲ ಎರಡು ಕಛೇರಿ ಚೆನ್ನಾಗಿ ಆದವು. ಅಷ್ಟರಲ್ಲಿ ಅವರು ನನಗೆ ತಂಬೂರಿ ಮೀಟುವುದು ಕಲಿಸಿ, ಹಿಂದೆ ಕೂರಿಸಿಕೊಳ್ಳುತ್ತಿದ್ದರು. ದಾದಿ ಗೊಣಗಿದರು, ಅಬ್ಬ ಕಳಿಸಿದರು. ಎರಡನೆಯ ಕಛೇರಿ ಚಿಕ್ಕಬಳ್ಳಾಪುರದಲ್ಲಿ. ಅವರ ಅಣ್ಣ ಮುನಿರಾಜಣ್ಣ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಗಿರಿಜಾ ಮೀಸೆ, ಬಿಳಿ ಪಂಚೆ. ಅರ್ಧದಲ್ಲೇ ಎದ್ದು ಹೊರಟರು. ಮೇಡಂ ವೇದಿಕೆಯ ಮೇಲಿಂದ ಅದನ್ನು ನೋಡಿದರು, ಸ್ವರ ಮಾತ್ರ ಅಲುಗಲಿಲ್ಲ. ಇಳಿದ ಮೇಲೆ, "ಬಂದಿದ್ನಲ್ಲ, ಅಷ್ಟು ಸಾಕು" ಎಂದರು.

ಆಮೇಲೆ ಶುರುವಾಯಿತು. ಮೊದಲು ಬೆಳಗಿನ ಹೊತ್ತು ಎದೆ ಬಿಗಿಯುತ್ತದೆ ಎಂದರು. ಬಳಿಕ ಕೆಮ್ಮು. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲತೊಡಗಿದರು. ದನಿ ಒರಟಾಯಿತು. ಒರಟಾದಷ್ಟೂ ಹೆಚ್ಚು ಹಬೆ ತೆಗೆದುಕೊಂಡರು. ಬೆಳಿಗ್ಗೆ ಒಂದು ಸಲ ಇದ್ದದ್ದು ಸಂಜೆಯೂ ಆಯಿತು. ಅಬ್ಬ ಬೇಸಿನ್ನಿಗೆ ಇನ್ನೊಂದು ಬುಟ್ಟಿ ಗೂಡು ಸುರಿದು, "ಚೆನ್ನಾಗಿ ಎಳ್ಕೊಳ್ಳಿ ಮೇಡಂ, ಒಳಗಿನ ಕಫ ಎಲ್ಲ ಕರಗ್ಬೇಕು" ಎನ್ನುತ್ತಿದ್ದರು. ಒಬ್ಬರ ಮೇಲೊಬ್ಬರಿಗೆ ಇಷ್ಟು ಪ್ರೀತಿಯಿದ್ದೂ ಇಂಥ ಕೆಲಸ ನಡೆಯುತ್ತದೆ.

ಕೊನೆಯ ಕಛೇರಿಗೆ ಮೂರು ತಿಂಗಳಿದ್ದಾಗ ಶಾಲೆಯಲ್ಲೇ ಉಸಿರು ಹಿಡಿದುಕೊಂಡು ಕುಸಿದರು. ನಾನೂ ಅಬ್ಬನೂ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆವು. ಎದೆ ಪರೀಕ್ಷೆ ಮಾಡಿದ ಡಾಕ್ಟರು ಬರೆಯುತ್ತ ಬರೆಯುತ್ತ, "ಹಬೆ ಗಿಬೆ ತಗೊಳ್ತೀರಾ?" ಎಂದು ಕೇಳಿದರು.

"ದಿನಾ ತಗೊಳ್ತೀನಿ ಡಾಕ್ಟ್ರೇ. ಒಂದು ದಿನಾನೂ ತಪ್ಪಿಸಿಲ್ಲ" ಎಂದರು ಮೇಡಂ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಅಬ್ಬ ಸೇರಿಸಿದರು: "ನಮ್ಮ ಶೆಡ್ಡಲ್ಲೇ ಸಾರ್. ಗೂಡು ಬೇಯಿಸೋ ಬೇಸಿನ್ ಮೇಲೆ. ಮೊದಲ್ನೇ ಹಬೆ ಇವರಿಗೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ನೀರಿನ ಹಬೆ ಅಲ್ಲಮ್ಮ. ಅದರಲ್ಲಿ ಬೆಂದ ಹುಳದ್ದು, ಗೂಡಿನ ಅಂಟಿಂದು ಎಲ್ಲ ಇರುತ್ತೆ. ಕೆಲವರ ಎದೆಗೆ ಅದು ವಿಷ. ನಿಮ್ಮೂರಿಂದ ಇದೇ ಕೆಮ್ಮು ಹೊತ್ಕೊಂಡು ಎಷ್ಟು ಜನ ಬರ್ತಾರೆ ನನ್ನ ಹತ್ರ. ಅವರು ಹೊಟ್ಟೆಪಾಡಿಗೆ ಕುಡೀತಾರೆ, ನೀವು ಬೇಕು ಅಂತ ಕುಡಿದಿದೀರ." ಇಂದೇ ಆ ಮನೆ ಬಿಡಿ ಎಂದರು. ಬಾಯಿಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟರು. ಆಸ್ತಮಾ ಬೇರೂರಿದೆ, ಪೂರ್ತಿ ಹೋಗುವ ಮಾತಿಲ್ಲ ಎಂದೂ ಹೇಳಿದರು.

ವಾಪಸ್ ಬಂದು ಶಿಡ್ಲಘಟ್ಟದಲ್ಲಿ ಬಸ್ಸಿನಿಂದ ಇಳಿದ ಮೇಲೆ ಅಬ್ಬ ರಸ್ತೆಯಲ್ಲೇ ನಿಂತು, "ಸ್ಟೂಲು ನಾನೇ ಮಾಡಿಸ್ಕೊಟ್ಟೆ" ಎಂದರು.

"ನಂದಿರ್ಲಿ ಸಾಬ್ರೇ," ಎಂದರು ಮೇಡಂ. "ಮೊದ್ಲು ಖೈರುನ್‌ನ ಕರ್ಕೊಂಡ್ಹೋಗಿ ತೋರಿಸಿ."

ಮೇಡಂ ಚಿಂತಾಮಣಿಯಲ್ಲಿ ಶಾಲೆಯ ಹಿಂದಿನ ಒಂದು ಕೋಣೆಗೆ ಹೋದರು. ಬೆಳಿಗ್ಗೆ ಹಾಡುವ ಹಾಗಿಲ್ಲ ಎಂದು ಅಲ್ಲಿಯ ಮಾಲೀಕರೂ ಷರತ್ತು ಹಾಕಿದರಂತೆ. ಹಾಡಲು ಆಗುತ್ತಲೂ ಇರಲಿಲ್ಲ. ಔಷಧಿ ಎಳೆದುಕೊಂಡರೆ ಉಸಿರು ಬರುತ್ತಿತ್ತು, ದನಿ ಹೋಗುತ್ತಿತ್ತು. ಎಳೆದುಕೊಳ್ಳದಿದ್ದರೆ ದನಿ ಇರುತ್ತಿತ್ತು, ಉಸಿರು ಇರುತ್ತಿರಲಿಲ್ಲ. ಕಛೇರಿಯನ್ನು ಮುಂದೆ ಹಾಕುವಂತಿರಲಿಲ್ಲ, ಪಿಎಚ್.ಡಿ. ಅವಧಿಯನ್ನು ಅದಾಗಲೇ ಒಮ್ಮೆ ಬೆಳೆಸಿಯಾಗಿತ್ತು.

ಆ ದಿನ ಬೆಂಗಳೂರಿನ ಸಭಾಂಗಣದಲ್ಲಿ ಪರೀಕ್ಷಕರು ಮೂವರು ಮುಂದಿನ ಸಾಲಿನಲ್ಲಿದ್ದರು, ಪಕ್ಕದಲ್ಲಿ ಮೇಡಂ ಅವರ ಮಾರ್ಗದರ್ಶಕಿ. ಅಬ್ಬ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಕೊನೆಯಲ್ಲಿ ಕೂತಿದ್ದರು. ನಾನು ಹಿಂದೆ ತಂಬೂರಿ ಹಿಡಿದಿದ್ದೆ. ಹಿಂದೆ ಕೂತವಳಿಗೆ ಹಾಡುವವರ ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ಆ ಬೆನ್ನು ಪ್ರತಿ ಉಸಿರಿಗೂ ಭುಜದ ತನಕ ಏಳುತ್ತಿತ್ತು.

ಮೊದಲ ಚಿಕ್ಕ ಕೀರ್ತನೆ ಹೇಗೋ ದಾಟಿತು. ತೋಡಿ ರಾಗದ ಆಲಾಪನೆಯಲ್ಲಿ ಕೆಳಗಿನ ಸ್ವರಕ್ಕೆ ಇಳಿದಾಗ ಎದೆಯ ಸುಯ್ಲು ಮೈಕಿನಲ್ಲಿ ಕೇಳಿಸಿತು. ಪಿಟೀಲಿನವರು ತುಂಬಾ ಒಳ್ಳೆಯವರು, ಅದನ್ನು ಮುಚ್ಚಲು ಕಮಾನು ಉದ್ದ ಎಳೆದರು. ಪಲ್ಲವಿ ಶುರುವಾಯಿತು. ಒಂದೇ ಸಾಲು, ಒಂದೇ ಉಸಿರಿನಲ್ಲಿ ಹೋಗಿ ಕೊನೆಯ ಮಾತಿನ ಮೇಲೆ ಕೂರಬೇಕು. ಪ್ರತಿಸಲವೂ ಆ ಮಾತಿಗೆ ತುಸು ಮೊದಲೇ ಉಸಿರು ಕಡಿಯಿತು. ಮತ್ತೆ ಎತ್ತಿಕೊಂಡರು. ಮತ್ತೆ ಅಲ್ಲೇ ಕಡಿಯಿತು. ಪರೀಕ್ಷಕರಲ್ಲಿ ಹಿರಿಯರೊಬ್ಬರು ಕನಿಕರದಿಂದ, "ಸ್ವಲ್ಪ ಕಾಲ ಹೆಚ್ಚಿಸಿ ಹಾಡಿಯಮ್ಮ, ಪರವಾಗಿಲ್ಲ" ಎಂದರು. ವೇಗ ಹೆಚ್ಚಿಸಿದ್ದರೆ ಆ ಸಾಲು ಕೊನೆ ಮುಟ್ಟುತ್ತಿತ್ತು, ಅದು ನನಗೂ ಗೊತ್ತಿತ್ತು. ಮೇಡಂ ಕೈ ಮುಗಿದು ತಲೆಯಾಡಿಸಿ ಅದೇ ನಿಧಾನದಲ್ಲಿ ಮತ್ತೆ ಎತ್ತಿಕೊಂಡರು. ಆಮೇಲೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ನಿಲ್ಲಿಸು ಎಂದು ತಿರುಗದೆಯೇ ಕೈ ಹಿಂದೆ ಚಾಚಿ ನನಗೆ ಸನ್ನೆ ಮಾಡಿದರು. ತಂಬೂರಿಯ ಮೇಲೆ ಅಂಗೈ ಇಟ್ಟೆ.

ಒಳಗಿನ ಕೋಣೆಯಲ್ಲಿ ಮಾರ್ಗದರ್ಶಕಿ ಅವರ ಬೆನ್ನು ಸವರುತ್ತ ಹೇಳಿದರು: "ರತ್ನಾ, ನಿಮ್ಮ ಪ್ರಬಂಧವನ್ನ ಮೂವರೂ ಮೆಚ್ಚಿದ್ದಾರೆ. ಗಾಯನ ಬಿಟ್ಟು ಶಾಸ್ತ್ರ ವಿಭಾಗಕ್ಕೆ ಬದಲಾಯಿಸಿಕೊಳ್ಳಿ, ನಾನು ಮಾಡಿಸಿಕೊಡ್ತೀನಿ. ಕಛೇರಿಯ ಗೊಡವೆಯೇ ಇರಲ್ಲ. ಪದವಿ ಅದೇ, ಡಾಕ್ಟರ್ ಅನ್ನೋದೂ ಅದೇ."

ಮೇಡಂ ಬಹಳ ಹೊತ್ತು ಉಸಿರು ಹೊಂದಿಸಿಕೊಂಡರು. "ನಮ್ಮಪ್ಪ ಹೇಳಿದ್ದೂ ಅದೇ ಮೇಡಂ. ಓದು, ಹಾಡಬೇಡ ಅಂತ" ಎಂದರು. "ಇನ್ನೊಂದು ದಿನ ಕೊಡ್ಸಿ. ಹಾಡ್ತೀನಿ."

ಆರು ತಿಂಗಳೊಳಗೆ ಮತ್ತೊಂದು ಅವಕಾಶ, ಅದೇ ಕೊನೆ ಎಂದಾಯಿತು. ನನಗೆ ಸಿಟ್ಟು ತಡೆಯಲಾಗಲಿಲ್ಲ. ದಾರಿಯುದ್ದಕ್ಕೂ ಜಗಳವಾಡಿದೆ. "ಕೊಡ್ತೀನಿ ಅಂದಾಗ ತಗೊಂಡುಬಿಡೋದಲ್ವಾ ಮೇಡಂ? ಡಾಕ್ಟರ್ ಅಂತ ಬೋರ್ಡು ಹಾಕ್ಕೊಂಡ್ಮೇಲೆ ಯಾವ ವಿಭಾಗ ಅಂತ ಯಾರು ಕೇಳ್ತಾರೆ?"

"ಅವಸರ ಮಾಡ್ಬೇಡ ಕಣಮ್ಮ. ಸ್ವರ ಎಲ್ಲೂ ಓಡಿಹೋಗಲ್ಲ."

"ಸ್ವರ ಹೋಗಲ್ಲ. ನಿಮ್ಮ ಉಸಿರು ಹೋಗ್ತಾ ಇದೆ" ಎಂದುಬಿಟ್ಟೆ. ಅವರು ನಕ್ಕರು. ನಗು ಕೆಮ್ಮಾಯಿತು.

ಒಂಟಿಯಾಗಿರುವುದು ಇನ್ನು ಸಾಧ್ಯವಿಲ್ಲ ಎಂದಾದಾಗ ಮುನಿರಾಜಣ್ಣ ಬಂದು ಊರಿಗೆ ಕರೆದುಕೊಂಡು ಹೋದರು. ನಾನು ಕೊನೆಯ ಸಲ ನೋಡಲು ಹೋದದ್ದು ಅಲ್ಲಿಗೆ. ಗಾಳಿ ಬರುವ ಕಡೆ ಒಂದು ಕೋಣೆ ಕೊಟ್ಟಿದ್ದರು. ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದರು. ಮಫ್ಲರ್ ಇತ್ತು, ಅದರೊಳಗಿನ ಕೊರಳು ಅರ್ಧವಾಗಿತ್ತು. ತಂಬೂರಿ ತಗೋ ಎಂದರು. ಬೇಡ ಎಂದೆ, ಕೇಳಲಿಲ್ಲ. ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತ ಅದೇ ಪಲ್ಲವಿಯನ್ನು ಎತ್ತಿಕೊಂಡರು. ದನಿ ಅಲ್ಲ, ಪಿಸುಮಾತು. ತಾಳ ಮಾತ್ರ ಅದೇ ನಿಧಾನ, ಕೂದಲೆಳೆಯಷ್ಟೂ ಅವಸರವಿಲ್ಲ. ಸಾಲು ನಡುವೆಯೇ ಕಡಿಯಿತು. ಸಭಾಂಗಣದಲ್ಲಿ ಮುಟ್ಟಿದಷ್ಟು ದೂರವೂ ಬರಲಿಲ್ಲ. ಅವರ ಕಣ್ಣು ಮಾತ್ರ ಮಿಂಚುತ್ತಿತ್ತು.

"ನೋಡಿದ್ಯಾ? ಇವತ್ತು ಆ ಮಾತಿನ ತನಕ ಬಂತು" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹೊರಗಿನಿಂದ ಮುನಿರಾಜಣ್ಣನ ದನಿ ಬಂತು. "ಬಂತಮ್ಮ, ಬಂತು." ಅವರು ಅಲ್ಲಿ ನಿಂತು ಕೇಳುತ್ತಿದ್ದಾರೆಂದು ನಮಗೆ ಗೊತ್ತಿರಲಿಲ್ಲ.

ಪೆರೇಸಂದ್ರದ ತನಕ ಅವರೇ ಬೈಕಿನಲ್ಲಿ ಬಿಟ್ಟರು. ಹೈವೇ ಪಕ್ಕ ಬಸ್ಸಿಗೆ ಕಾಯುವಾಗ ಎಲ್ಲೋ ನೋಡುತ್ತ, "ನಂಗೆ ಅದ್ರ ಗಂಧ ಗಾಳಿ ಇಲ್ಲಮ್ಮ. ನಿಜ್ವಾಗ್ಲೂ ಬಂತಾ?" ಎಂದು ಕೇಳಿದರು. ನನಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲಣ್ಣ" ಎಂದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು, ಬಸ್ಸು ಬರುವವರೆಗೂ ಅದನ್ನು ಮುಖದಿಂದ ತೆಗೆಯಲಿಲ್ಲ.

ಸಂಕ್ರಾಂತಿಗೆ ಮೊದಲಿನ ಚಳಿಯಲ್ಲಿ ಒಂದು ಬೆಳಿಗ್ಗೆ ಮೇಡಂಗೆ ಉಸಿರು ಸಿಕ್ಕಿಕೊಂಡಿತು. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವ ಮೊದಲೇ, ಕಾರಿನಲ್ಲಿ, ಅಣ್ಣನ ತೋಳಿನ ಮೇಲೆ ಹೋದರು.

ನಮ್ಮ ಶೆಡ್ಡು ನಡೆಯುತ್ತಲೇ ಇದೆ, ನಡೆಯದೆ ವಿಧಿಯಿಲ್ಲ. ಅಬ್ಬ ಹಬೆ ಹೊರಗೆ ಹೋಗುವಂತೆ ಗೋಡೆಗೆ ದೊಡ್ಡ ಫ್ಯಾನುಗಳನ್ನು ಕೂರಿಸಿದರು. ಖೈರುನ್ ಆಪಾಗೆ ಡಾಕ್ಟರು ಹೇಳಿದ ಮೇಲೆ ಬೇಸಿನ್ ಬಿಡಿಸಿ ಗೂಡು ಆರಿಸುವ ಕೆಲಸ ಕೊಟ್ಟರು. ಆ ಸ್ಟೂಲನ್ನು ಒಡೆದು ಒಲೆಗೆ ಹಾಕಿದರು. ಈಗಲೂ ಯಾರಾದರೂ ತಾಯಿ ಮೂಗು ಕಟ್ಟಿದ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದರೆ, ಎಂದೂ ದನಿ ಎತ್ತದ ನಮ್ಮ ಅಬ್ಬ ಬೀದಿಗೆಲ್ಲ ಕೇಳುವಂತೆ ಬೈದು ಓಡಿಸುತ್ತಾರೆ.

ಆ ವರ್ಷ ಬೇಸಿಗೆ ಹತ್ತಿರವಾದಾಗ ಒಂದು ಬೆಳಿಗ್ಗೆ ಅಬ್ಬನಿಗೆ ಒಂದು ಫೋನ್ ಬಂತು. ಮೇಡಂ ಹಿಂದೆ ವಿಶ್ವವಿದ್ಯಾಲಯಕ್ಕೆ ತಮ್ಮ ವಿಳಾಸದ ಜೊತೆ ಅಬ್ಬನ ನಂಬರನ್ನೂ ಕೊಟ್ಟಿದ್ದರು. ಅಬ್ಬನ ಕೈ ಒದ್ದೆಯಿತ್ತು, ನಾನೇ ಸ್ಪೀಕರ್ ಹಾಕಿ ಹಿಡಿದೆ.

"ರತ್ನಮ್ಮ ಅವರ ಮನೆಯವರಾ? ವಿಶ್ವವಿದ್ಯಾಲಯದಿಂದ. ಅವರ ಮರುಕಛೇರಿಗೆ ದಿನ ಗೊತ್ತಾಗಿದೆ. ಬರ್ತಾರೆ ತಾನೇ?"

ಅಬ್ಬ ನನ್ನ ಮುಖ ನೋಡಿದರು. "ಅವರು ತೀರ್ಕೊಂಡ್ರು ಸಾರ್."

ಆ ಕಡೆಯವರು ಅಯ್ಯೋ ಎಂದರು. ಕೆಟ್ಟ ಮನುಷ್ಯರೇನಲ್ಲ. "ಮರಣಪತ್ರ ಬರೋ ತನಕ ನಾವು ಬೇರೆ ಏನೂ ಬರೆಯೋಕಾಗಲ್ಲ. ಸದ್ಯಕ್ಕೆ ಗೈರುಹಾಜರಿ ಅಂತ ಹಾಕಿರ್ತೀನಿ" ಎಂದರು.

"ಬ್ಯಾಡ ಸಾರ್!" ಅಬ್ಬನ ದನಿಗೆ ಬೇಸಿನ್ನಿನ ಹೆಂಗಸರೆಲ್ಲ ತಿರುಗಿ ನೋಡಿದರು. "ಗೈರು ಅಂತ ಬರೀಬ್ಯಾಡಿ. ಅವರು ಒಂದು ಕಛೇರಿನೂ ತಪ್ಪಿಸ್ಕೊಂಡೋರಲ್ಲ."

"ಮತ್ತೇನು ಬರೀಲಿ ಹೇಳಿ?"

ನಾನು ಫೋನನ್ನು ಬಾಯಿಯ ಹತ್ತಿರ ತಂದುಕೊಂಡೆ. "ಬಂದಿದ್ರು. ಹಾಡಿದ್ರು. ಉಸಿರು ಸಾಲಲಿಲ್ಲ ಅಂತ ಬರ್ಕೊಳ್ಳಿ" ಎಂದೆ.

ಅವರು ಆಗಲಿ ಮೇಡಂ ಎಂದು ಫೋನ್ ಇಟ್ಟರು. ಗೈರುಹಾಜರಿ ಎಂದೇ ಬರೆದುಕೊಂಡಿರಬೇಕು.